ಕಪ್ಪು ಬಟ್ಟೆಯೊಳಗೆ ಡೆಲಿಯಾ

ಕಾರ್ಡಿನ್ ಫಾಲ್ಸ್, ಓಹಾಯೊ
ಗುರುವಾರ, ನವೆಂಬರ್ ೧೨, ೧೮೯೬

ನನ್ನ ಮುದ್ದು ಎಫೀ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆದರೆ ನೀನು ಗಂಡನನ್ನು ಕರೆದು, "ನೋಡು ವೆಂಡೆಲ್, ನಮ್ಮ ಚಿಕ್ಕಮ್ಮನ ಕಾಗದ ಯಾವತ್ತೂ ಹೀಗೇ ಶುರುವಾಗೋದು" ಎಂದು ನಗುತ್ತೀಯ. ನಗು, ಬೇಡ ಅನ್ನುವುದಿಲ್ಲ. ಆದರೆ ಈ ಸಲ ನೆಪಗಳು ಗಟ್ಟಿಯಾಗಿವೆ. ಸೇಬು ಬೇಯಿಸಿ ಮುರಬ್ಬ ಮಾಡುವ ಕೆಲಸ ಎರಡು ವಾರ ನುಂಗಿತು. ನಿನ್ನ ಎಜ್ರಾ ಚಿಕ್ಕಪ್ಪನಿಗೆ ಸೊಂಟ ಹಿಡಿದುಕೊಂಡಿದೆ, ಹಾಸಿಗೆಯಲ್ಲೇ ಕೂತು ಇಡೀ ಮನೆಯನ್ನು ಆಳುತ್ತಿದ್ದಾರೆ. ಚುನಾವಣೆ ಮುಗಿದು ಒಂಬತ್ತು ದಿನವಾದರೂ ಅವರ ಭಾಷಣ ಮುಗಿದಿಲ್ಲ. ಎದುರು ಮನೆಯ ಗಾಡ್‌ಫ್ರಿ ನೋಡಲು ಬಂದರೆ ಇಬ್ಬರೂ ಕೂಗಾಡುವುದು ಕೇಳಿ ನನ್ನ ಬಾತುಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿವೆ.

ಹೊಸ ವರ್ಷದ ಹೊತ್ತಿಗೆ ನನ್ನ ಕೈಗೊಂದು ಮೊಮ್ಮಗು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಬೀದಿಯವರಿಗೆಲ್ಲ ಓದಿ ಹೇಳಿದ್ದೇನೆ. ಬಾವಿಯಿಂದ ನೀರು ಸೇದಬೇಡ, ಅದು ವೆಂಡೆಲ್‌ನ ಕೆಲಸ. ಕಾನ್ಸಾಸ್‌ನ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು.

ಸರಿ, ಈಗ ಪಟದ ವಿಷಯ.

ನಿಮ್ಮಪ್ಪ ಅಮೋಸ್ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು ಅಂದೆಯಲ್ಲ, ಅದನ್ನು ತೆಗೆದದ್ದು ನಮ್ಮ ಸ್ಟುಡಿಯೊದಲ್ಲೇ. ೧೮೭೩ರ ಸೆಪ್ಟೆಂಬರ್. ನಿನಗೆ ಆಗ ಎಂಟು ತಿಂಗಳು. ನಿನ್ನ ಅತ್ತೆ ಅದನ್ನು ನೋಡಿ ಹೇಳಿದ್ದನ್ನು ನೀನು ಬರೆದದ್ದು ಹಾಗೇ ನನ್ನ ಕಿವಿಯಲ್ಲಿದೆ: "ಇದು ಸತ್ತ ಮಗೂನ ಪಟ ಕಣೇ. ಹಿಂದೆ ಕಪ್ಪಗೆ ಕೂತಿರೋದು ಸಾಕ್ಷಾತ್ ಸಾವು. ಮುಖ ಇಲ್ಲ, ಮೂಗಿಲ್ಲ. ಕೈ ನೋಡು, ಬೆರಳ ತುದೀಲಿ ಕಬ್ಬಿಣದ ಉಗುರು! ಬಸುರಿ ಇರೋ ಮನೇಲಿ ಇಂಥದ್ದು ಇಟ್ಕೋತಾರಾ? ಹಬ್ಬದ ಊಟಕ್ಕೆ ಜನ ಬರೋದ್ರೊಳಗೆ ಒಲೆಗೆ ಹಾಕು." ನೀನೂ ಹೆದರಿ, ಕೃತಜ್ಞತಾ ಹಬ್ಬದ ಬೆಳಗ್ಗೆ ಸುಟ್ಟುಬಿಡುತ್ತೇನೆ ಎಂದು ಬರೆದಿದ್ದೀಯ. ನನ್ನ ಜೀವ ಬಾಯಿಗೆ ಬಂತು. ಹಬ್ಬಕ್ಕೆ ಇನ್ನು ಎರಡು ವಾರವಿದೆ. ಈ ಕಾಗದ ಅದಕ್ಕೆ ಮುಂಚೆ ನಿನ್ನ ಕೈ ಸೇರಲೇಬೇಕು, ಆದ್ದರಿಂದ ಅಡುಗೆಮನೆಯನ್ನು ಹಾಗೇ ಬಿಟ್ಟು ಕೂತಿದ್ದೇನೆ.

ಸುಡಬೇಡ ಎಫೀ. ಪೂರ್ತಿ ಓದುವವರೆಗೆ ಒಲೆಯ ಹತ್ತಿರವೂ ಒಯ್ಯಬೇಡ.

ಮೊದಲು ಆ ಪಟವನ್ನು ಕಿಟಕಿಯ ಬೆಳಕಿಗೆ ತೆಗೆದುಕೊಂಡು ಹೋಗಿ ನಿನ್ನ ಎಡಗಾಲು ನೋಡು. ಅಲ್ಲಿ ಕಾಲು ಇಲ್ಲ, ಹೊಗೆ ಇದೆ, ಅಲ್ಲವೇ? ಮೂರು ನಾಲ್ಕು ಕಾಲು ಒಂದರ ಮೇಲೊಂದು ಕೂತ ಹಾಗೆ? ಅದು ನೀನು ಒದ್ದದ್ದು. ಸತ್ತ ಮಗು ಒದೆಯುವುದಿಲ್ಲ. ಅಂದು ನೀನು ಎಷ್ಟು ಬದುಕಿದ್ದೆ ಎಂದರೆ, ಬರುವಾಗಲೇ ಎರಡು ಬಿಸ್ಕತ್ತು ತಿಂದು, ಮೂರನೆಯದು ಕೊಡದ್ದಕ್ಕೆ ನನ್ನ ಹೆಬ್ಬೆರಳನ್ನು ಕಚ್ಚಿದ್ದೆ. ನಿನ್ನ ಅತ್ತೆಗೆ ಇದನ್ನು ಓದಿ ಹೇಳು. ಹುಲ್ಲುಗಾವಲಿನ ಮಣ್ಣಿನ ಮನೆಯಲ್ಲಿ ಬೆಳೆದವರು ಅವರು, ಚಿಕ್ಕಂದಿನಲ್ಲಿ ಒಂದು ಪಟಕ್ಕೂ ಕೂತಿರಲಿಕ್ಕಿಲ್ಲ. ನಮ್ಮ ಕಾಲದ ಪಟಗಳು ಹೇಗೆ ಆಗುತ್ತಿದ್ದವು ಎಂಬುದು ಅವರಿಗೆ ತಿಳಿಯದಿದ್ದರೆ ತಪ್ಪು ಅವರದಲ್ಲ.

ಈಗ ಕ್ಯಾಮೆರಾ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ಆಗ ಹಾಗಲ್ಲ. ನಿನ್ನ ಚಿಕ್ಕಪ್ಪ ಮುಂದಿನ ಮುಚ್ಚಳ ತೆಗೆದು ಆರು ಎಣಿಸಬೇಕು, ಮೋಡವಿದ್ದರೆ ಹತ್ತು. ಅಷ್ಟು ಹೊತ್ತು ಮಿಸುಕಾಡಿದ್ದೆಲ್ಲ ಹೊಗೆ. ದೊಡ್ಡವರ ತಲೆಯನ್ನು ಹಿಂದಿನಿಂದ ಕಬ್ಬಿಣದ ಇಕ್ಕಳದಲ್ಲಿ ಹಿಡಿದು ನಿಲ್ಲಿಸುತ್ತಿದ್ದೆವು. ಕೂಸಿಗೆ ಇಕ್ಕಳ ಹಾಕಲಾಗುತ್ತದೆಯೇ? ಅದಕ್ಕೆ ಒಂದೇ ಇಕ್ಕಳ, ತಾಯಿಯ ಕೈ. ಆದರೆ ಪಟದಲ್ಲಿ ಮಗು ಒಂದೇ ಕಾಣಬೇಕು ಎನ್ನುವುದು ಎಲ್ಲರ ಆಸೆ. ಆದ್ದರಿಂದ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ಹೊದಿಸಿ, ಅವಳ ತೊಡೆಯ ಮೇಲೆ ಮಗುವನ್ನು ಕೂರಿಸುವುದು. ಬಟ್ಟೆ ಹೊದಿಸುವ ಕೆಲಸ ನನ್ನದು. ಕಾರ್ಡಿನ್ ಫಾಲ್ಸ್‌ನ ತಾಯಂದಿರನ್ನೆಲ್ಲ ನಾನು ಒಬ್ಬೊಬ್ಬರನ್ನಾಗಿ ಮುಚ್ಚಿಟ್ಟಿದ್ದೇನೆ.

ಅದರಲ್ಲಿ ಎಂಥೆಂಥ ತಮಾಷೆಗಳು! ಜಡ್ಜ್ ಸಾಹೇಬರ ಅತ್ತೆ ಮೊಮ್ಮಗನನ್ನು ಹಿಡಿದು ಬಟ್ಟೆಯೊಳಗೆ ಕೂತವರು ಹಾಗೇ ನಿದ್ದೆ ಹೋದರು. ಪಟ ಮುಗಿಯಿತು, ಜಡ್ಜ್ ದಂಪತಿ ಮಗುವನ್ನು ಎತ್ತಿಕೊಂಡು ಸಂಭ್ರಮದಲ್ಲಿ ಕೆಳಗಿಳಿದು ಹೋಟೆಲಿಗೆ ಊಟಕ್ಕೆ ಹೋದರು. ನಾವೂ ಬಾಗಿಲು ಹಾಕುವುದರಲ್ಲಿದ್ದೆವು, ಅಷ್ಟರಲ್ಲಿ ಕುರ್ಚಿ ಗೊರಕೆ ಹೊಡೆಯಿತು. ನಿನ್ನ ಚಿಕ್ಕಪ್ಪ ಇವತ್ತಿಗೂ ತಾನು ಹೆದರಲಿಲ್ಲ ಎನ್ನುತ್ತಾರೆ. ಅವರು ಮೇಜಿನ ಮೇಲೆ ಹತ್ತಿದ್ದನ್ನು ನಾನು ಈ ಎರಡು ಕಣ್ಣಿನಿಂದ ನೋಡಿದ್ದೇನೆ.

ನನ್ನ ಇನ್ನೊಂದು ಕೆಲಸ ಗಾಜು ತಿಕ್ಕುವುದು. ಆಗ ಚಿತ್ರ ಮೂಡುತ್ತಿದ್ದದ್ದು ಗಾಜಿನ ಮೇಲೆ. ಕೆಟ್ಟುಹೋದ ಗಾಜನ್ನು ಯಾರೂ ಬಿಸಾಡುತ್ತಿರಲಿಲ್ಲ. ಸೀಮೆಸುಣ್ಣದ ಪುಡಿ, ಸಾರಾಯಿ ಹಾಕಿ ಚಿತ್ರ ಪೂರ್ತಿ ಹೋಗುವವರೆಗೆ ತಿಕ್ಕಿ, ಮತ್ತೆ ಅದರ ಮೇಲೇ ಇನ್ನೊಬ್ಬರ ಪಟ ತೆಗೆಯುವುದು. ನಾನು ಶುದ್ಧ ಸೋಮಾರಿ. ಅರೆಬರೆ ತಿಕ್ಕಿದರೆ ಏನಾಗುತ್ತದೆ ಗೊತ್ತೇ? ಹಳೆಯ ಮುಖ ಪೂರ್ತಿ ಹೋಗುವುದಿಲ್ಲ. ಹೊಸ ಪಟದಲ್ಲಿ ತೆಳ್ಳಗೆ, ಆವಿಯ ಹಾಗೆ ಎದ್ದು ಬರುತ್ತದೆ. ಒಮ್ಮೆ ಚರ್ಚಿನ ಹಿರಿಯ ಫಿನಿಯಸ್ ಅವರ ಪಟದಲ್ಲಿ ಅವರ ಹೆಗಲ ಮೇಲೆ ಟೋಪಿ ತೊಟ್ಟ ಹೆಂಗಸೊಬ್ಬಳು ಗಲ್ಲವಿಟ್ಟು ನಗುತ್ತಿದ್ದಳು! ಹಿಂದಿನ ವಾರ ಬಂದಿದ್ದ ಬೇಕರಿಯ ವಿಧವೆ ಅವಳು. ಫಿನಿಯಸ್ ಅವರ ಹೆಂಡತಿ ಪಟ ಹಿಡಿದು ಮೆಟ್ಟಿಲು ಹತ್ತಿ ಬಂದು, "ಇವಳು ಇಲ್ಲಿಗೆ ಹೆಂಗೆ ಬಂದ್ಲು, ಅದನ್ನ ಹೇಳಿ" ಎಂದು ಕೂತುಬಿಟ್ಟರು. ಭೂತದ ಪಟ ತೆಗೆಯುತ್ತಾರಂತೆ ಎಂದು ಪಕ್ಕದ ಊರಿಂದಲೂ ಜನ ಬಂದರು. ಅಂದಿನಿಂದ ನಿನ್ನ ಚಿಕ್ಕಪ್ಪ ನಾನು ಕೊಟ್ಟ ಪ್ರತಿ ಗಾಜನ್ನೂ ಸೂರ್ಯನಿಗೆ ಹಿಡಿದು, "ಲೊವೀನಾ, ಇದನ್ನ ತಿಕ್ಕಿದ್ದೀಯೋ, ಬರೀ ಮುಖ ನೋಡ್ಕೊಂಡು ತಂದಿದ್ದೀಯೋ?" ಎಂದು ಗದರುವುದು ವಾಡಿಕೆಯಾಯಿತು.

ಎಲ್ಲವೂ ತಮಾಷೆಯಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸತ್ತ ಮಕ್ಕಳ ಪಟವನ್ನೂ ತೆಗೆದಿದ್ದೇವೆ. ಗಂಟಲುಮಾರಿ ಬಂದ ಚಳಿಗಾಲದಲ್ಲಿ ವಾರಕ್ಕೆ ಎರಡೋ ಮೂರೋ. ಬದುಕಿದ್ದಾಗ ಪಟ ತೆಗೆಸಿರಲಿಲ್ಲ, ಈಗಲಾದರೂ ಇರಲಿ ಎಂದು ಎತ್ತಿಕೊಂಡು ಬರುತ್ತಿದ್ದರು. ಕೂದಲು ಬಾಚಿ, ಕೈಯಲ್ಲಿ ಗೊಂಬೆ ಇಟ್ಟು ಕೂರಿಸುತ್ತಿದ್ದೆ. ಆ ಪಟಗಳಲ್ಲಿ ಅಪ್ಪ ಅಮ್ಮ ಮಸುಕು, ಏಕೆಂದರೆ ಅವರು ಬಿಕ್ಕುತ್ತಿದ್ದರು. ನಡುವಿನ ಮಗುವಿನ ರೆಪ್ಪೆಗೂದಲು ಕೂಡ ಎಣಿಸುವಷ್ಟು ಸ್ಪಷ್ಟ. ಅಂಥ ದಿನ ನಿನ್ನ ಚಿಕ್ಕಪ್ಪ ರಾಜಕೀಯ ಮಾತಾಡುತ್ತಿರಲಿಲ್ಲ, ಹಿತ್ತಲಿಗೆ ಹೋಗಿ ಸೌದೆ ಒಡೆಯುತ್ತಿದ್ದರು. ಅದಕ್ಕೇ ಎಫೀ, ನಮ್ಮಂಥವರಿಗೆ ಮಸುಕಾದ ಕಾಲು ಕಂಡರೆ ಖುಷಿ. ನಿನ್ನ ಪಟ ಒಣಗುವಾಗ ಆ ಹೊಗೆಯ ಕಾಲನ್ನು ನೋಡಿ ಅವರು, "ಈ ಹುಡುಗಿ ಕೈಗೆ ಸಿಗೋಳಲ್ಲ" ಎಂದು ನಕ್ಕಿದ್ದರು.

ಈಗ ನಿನ್ನ ಅತ್ತೆ ಹೇಳಿದ ಆ ಸಾವಿನ ದೇವತೆಯ ಕಥೆ ಕೇಳು. ಆ ಬಟ್ಟೆಯೊಳಗೆ ಇದ್ದವಳು ನಿನ್ನಮ್ಮ, ನನ್ನ ಡೆಲಿಯಾ. ಒಡಹುಟ್ಟಿದವಳಲ್ಲ, ಪಕ್ಕದ ಮನೆಯವಳು. ಆದರೆ ನಮ್ಮಿಬ್ಬರ ಹಿತ್ತಲ ನಡುವಿನ ಬೇಲಿಯನ್ನು ನಾವೇ ಮುರಿದು ಒಲೆಗೆ ಹಾಕಿದ್ದೆವು. ನಿನ್ನ ಚಿಕ್ಕಪ್ಪನನ್ನು ಅವಳು ಭಾವ ಎಂದೇ ಕರೆಯುತ್ತಿದ್ದಳು, ಭಾವನನ್ನು ರೇಗಿಸುವುದು ತನ್ನ ಹಕ್ಕು ಎಂದೂ ತಿಳಿದಿದ್ದಳು.

ಅಂದು ನಿನ್ನ ಬಿಳಿ ಅಂಗಿಯ ಅಂಚನ್ನು ನಮ್ಮ ಮೆಟ್ಟಿಲ ಮೇಲೆ ಕೂತು ಹೊಲಿದು ಮುಗಿಸಿ, ಓಡಿ ಬಂದು ಕುರ್ಚಿಯಲ್ಲಿ ಕೂತಳು. ನಾನು ಬಟ್ಟೆ ಹೊದಿಸಿದೆ. ನಿನ್ನ ಚಿಕ್ಕಪ್ಪ ಅಪ್ಪಣೆ ಕೊಟ್ಟರು: "ಡೆಲಿಯಾ, ನೀನೀಗ ಮನುಷ್ಯಳಲ್ಲ, ಕುರ್ಚಿ. ತಿಳೀತಾ? ಕುರ್ಚಿ ಮಾತಾಡಲ್ಲ, ಅಲ್ಲಾಡಲ್ಲ."

ಬಟ್ಟೆಯೊಳಗಿಂದ ಸಣ್ಣ ದನಿ ಬಂತು: "ಕುರ್ಚಿಗೆ ಮೂಗು ಕೆರೀತಿದೆ ಭಾವ, ಏನ್ಮಾಡ್ಲಿ?"

"ಕುರ್ಚಿಗೆ ಮೂಗಿರಲ್ಲ!"

"ಹಂಗಾದ್ರೆ ಈ ಬಟ್ಟೆ ಇಷ್ಟು ನಾರ್ತಿರೋದು ಯಾರಿಗೆ?"

ಮುಚ್ಚಳ ತೆಗೆದು ಒಂದು, ಎರಡು ಎಂದರು. ಬಟ್ಟೆ ಕುಲುಕತೊಡಗಿತು. ಅಮ್ಮ ಕುಲುಕಿದಂತೆ ನೀನೂ ಕೇಕೆ ಹಾಕಿದೆ. ಮೂರು ಎನ್ನುವಷ್ಟರಲ್ಲಿ ಡೆಲಿಯಾ ಬಟ್ಟೆಯನ್ನು ಕಿತ್ತೆಸೆದು, ತಲೆ ಹಿಂದೆ ಚೆಲ್ಲಿ, ಹೊಟ್ಟೆ ಹುಣ್ಣಾಗುವಂತೆ ನಕ್ಕುಬಿಟ್ಟಳು. ನಿನ್ನ ಚಿಕ್ಕಪ್ಪ ಮುಚ್ಚಳ ಹಿಡಿದುಕೊಂಡು ಕುಣಿದರು: "ಹಾಳಾಯ್ತು! ಒಂದು ಗಾಜು ಹಾಳಾಯ್ತು! ಇನ್ನೊಂದ್ಸಲ ನಕ್ಕರೆ ನಿನ್ನ ಎಬ್ಬಿಸಿ ನಿಜವಾದ ಕುರ್ಚೀನೇ ಇಡ್ತೀನಿ ನೋಡು!"

ಎರಡನೇ ಸಲ ಅವಳು ಉಸಿರು ಬಿಗಿಹಿಡಿದು ಕೂತಳು. ಅದೇ ನಿನ್ನ ಕೈಯಲ್ಲಿರುವ ಪಟ. ಸಾಮಾನ್ಯವಾಗಿ ಆ ಕಪ್ಪು ಗುಡ್ಡೆ ಕಾಣದಂತೆ ಸುತ್ತಲೂ ಮೊಟ್ಟೆಯಾಕಾರದ ಕಾಗದದ ಚೌಕಟ್ಟು ಅಂಟಿಸಿ ಕೊಡುತ್ತಿದ್ದೆವು. ಡೆಲಿಯಾ ಬೇಡವೆಂದಳು: "ನನ್ನ ಕೈ ಕಾಣ್ಲಿ ಬಿಡಿ ಭಾವ. ದೊಡ್ಡವಳಾದ್ಮೇಲೆ ಇವಳು, ನಾನೊಬ್ಳೇ ಕೂತಿದ್ದೆ ಅಂತ ಜಂಬ ಕೊಚ್ಕೋಬಾರ್ದು." ಇನ್ನು ಆ ಕಬ್ಬಿಣದ ಉಗುರು! ಹೊಲಿಯುವಾಗ ಸೂಜಿ ಚುಚ್ಚದಿರಲಿ ಎಂದು ಬೆರಳಿಗೆ ತೊಡುತ್ತೇವಲ್ಲ, ಆ ಪುಟ್ಟ ಬೆಳ್ಳಿ ಟೋಪಿ ಅದು. ಗಡಿಬಿಡಿಯಲ್ಲಿ ತೆಗೆಯುವುದನ್ನು ಮರೆತಿದ್ದಳು. ನಿನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿರುವ ಸಾವಿಗೆ ಅಂಗಿಯ ಅಂಚು ಹೊಲಿಯುವುದು ಬರುತ್ತಿತ್ತು ಎಂದು ನಿನ್ನ ಅತ್ತೆಗೆ ತಿಳಿಸು.

ಅದಾಗಿ ಮೂರು ವಾರಕ್ಕೆ ಅವಳು ಹೋದಳು. ಟೈಫಾಯ್ಡ್. ಒಂಬತ್ತೇ ದಿನ. ಆಮೇಲೆ ಆರು ವರ್ಷ ನೀನು ನನ್ನ ಸೆರಗಿನಲ್ಲಿ ಬೆಳೆದೆ, ನಿಮ್ಮಪ್ಪ ಮತ್ತೆ ಮದುವೆಯಾಗಿ ಕಾನ್ಸಾಸ್‌ಗೆ ಕರೆದುಕೊಂಡು ಹೋಗುವವರೆಗೆ. ಹೋಗುವ ದಿನ ನೀನು ಬಂಡಿಯಿಂದ ಕೈಬೀಸಿ, "ಚಿಕ್ಕಮ್ಮ, ಬಾತಿಗೆ ಊಟ ಹಾಕು" ಎಂದು ಕೂಗಿದ್ದೆ. ಹಾಕುತ್ತಲೇ ಇದ್ದೇನೆ.

ನೀನು ಇನ್ನೂ ಎರಡು ಪ್ರಶ್ನೆ ಕೇಳಿದ್ದೀಯ. ಅಮ್ಮನ ಮುಖ ಕಾಣುವ ಪಟ ಒಂದಾದರೂ ಇದೆಯೇ ಎಂದು. ನಿಮ್ಮಪ್ಪನಿಗೆ ಎಜ್ರಾ ಚಿಕ್ಕಪ್ಪನ ಮೇಲೆ ಸಾಯುವ ತನಕ ಯಾಕೆ ಅಷ್ಟು ಕೋಪವಿತ್ತು ಎಂದು. ಪಟ ಇಲ್ಲ ಎಫೀ. ಮುಖವನ್ನು ನಾನು ಬಾಯಲ್ಲಿ ಹೇಳಬಲ್ಲೆ ಅಷ್ಟೆ. ಅಗಲ ಹಣೆ. ಮುಂದಿನ ಎರಡು ಹಲ್ಲುಗಳ ನಡುವೆ ಸಂದು, ಅದರಲ್ಲಿ ಅವಳು ಸಿಳ್ಳೆ ಹೊಡೆದರೆ ಮೂರು ಬೀದಿಯ ನಾಯಿಗಳು ಬರುತ್ತಿದ್ದವು. ಎಡ ಹುಬ್ಬು ಬಲಕ್ಕಿಂತ ಒಂದು ಚೂರು ಮೇಲೆ, ಯಾವಾಗಲೂ ಏನೋ ತುಂಟತನ ಮಾಡಲು ಹೊರಟ ಹಾಗೆ. ನಗುವಾಗ ಕಣ್ಣು ಪೂರ್ತಿ ಮುಚ್ಚುತ್ತಿದ್ದಳು. ಕನ್ನಡಿ ನೋಡಿಕೋ, ಆ ಹುಬ್ಬು ನಿನ್ನಲ್ಲಿದೆ. ನಿಮ್ಮಪ್ಪನ ಕೋಪದ ಮಾತು ಆಮೇಲೆ ಹೇಳುತ್ತೇನೆ.

ನಿನ್ನ ಮಗು ಹುಟ್ಟಿದ ಮೇಲೆ ಪಟ ತೆಗೆಸು. ಹತ್ತಿರದ ಪಟ್ಟಣದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಬಟ್ಟೆ, ಪರದೆ ಏನೂ ಬೇಡ. ನೀನು ಮುಂದೆ ಕೂತು, ಮುಖ ತೋರಿಸಿ, ಹಲ್ಲು ಬಿಟ್ಟು ನಗು. ಅದು ಸಭ್ಯತೆಯಲ್ಲ ಎಂದು ಅವರು ಹೇಳಿದರೆ, ನಮ್ಮ ಚಿಕ್ಕಮ್ಮ ಈ ಕಸುಬಿನಲ್ಲಿ ಕೈ ಕಪ್ಪು ಮಾಡಿಕೊಂಡವಳು, ಅವಳ ಅಪ್ಪಣೆ ಎನ್ನು. ಗಾಜನ್ನು ಅದ್ದುತ್ತಿದ್ದ ಬೆಳ್ಳಿ ನೀರಿನ ಕಲೆ ನನ್ನ ಬೆರಳಲ್ಲಿ ಇನ್ನೂ ಇದೆ.

ಈ ಕಾಗದದ ಜೊತೆಗೆ ಪ್ರತ್ಯೇಕ ಗಂಟಿನಲ್ಲಿ ಎರಡು ಸೀಸೆ ಮುರಬ್ಬ, ಮಗುವಿಗೆ ನಾಲ್ಕು ಜೊತೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಒಂದು ಚೀಲ ದೊಡ್ಡದಾಗಿದೆ, ನಿನ್ನ ಚಿಕ್ಕಪ್ಪ ಚುನಾವಣೆಯ ಮಾತು ತೆಗೆದಾಗ ಹೆಣೆದದ್ದು ಅದು. ಅವರು ಹಾಸಿಗೆಯಿಂದಲೇ ಆಶೀರ್ವಾದ ಕಳಿಸಿದ್ದಾರೆ. "ಆ ಒದೆಯೋ ಕಾಲಿನ ಹುಡುಗೀಗೆ ಒದೆಯೋ ಕಾಲಿನ ಮಗೂನೇ ಹುಟ್ಲಿ, ಆಗ ಗೊತ್ತಾಗುತ್ತೆ" ಎಂದು. ಸುಖವಾಗಿ ಹೆರು ನನ್ನ ಕಂದ. ನಿನ್ನ ಮನೆ ತುಂಬಿರಲಿ, ನಿನ್ನ ಒಲೆ ಬೆಚ್ಚಗಿರಲಿ, ಅದರಲ್ಲಿ ಸೌದೆ ಬಿಟ್ಟು ಬೇರೇನೂ ಉರಿಯದಿರಲಿ. ನಿನ್ನ ಅತ್ತೆಗೂ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ ಪ್ರೀತಿಯ
ಲೊವೀನಾ ಚಿಕ್ಕಮ್ಮ

ತಾ. ಕ.: ಇಲ್ಲಿಯವರೆಗಿನದನ್ನು ನಿನ್ನ ಚಿಕ್ಕಪ್ಪನಿಗೆ ಓದಿ ಹೇಳಿದೆ. ಮೇಜು ಹತ್ತಿದ ಮಾತಿಗೆ ತಕರಾರು ಮಾಡಿ, ಕುರ್ಚಿಯ ಮಾತಿಗೆ ನಕ್ಕು, ಈಗ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಾರೆ. ಇದನ್ನು ಓದಿ ಹೇಳುವುದಿಲ್ಲ.

ಕೆಟ್ಟುಹೋಯಿತು ಎಂದ ಆ ಮೊದಲ ಗಾಜನ್ನು ನಾನು ಸುಮ್ಮನೆ ಕುತೂಹಲಕ್ಕೆ ಕತ್ತಲೆ ಕೋಣೆಗೆ ಒಯ್ದು ಔಷಧದಲ್ಲಿ ತೊಳೆದು ಚಿತ್ರ ಮೂಡಿಸಿದ್ದೆ. ಅಂಥ ಗಾಜಿನಲ್ಲಿ ಕಪ್ಪು ಬಿಳುಪು ಅದಲುಬದಲಾಗಿರುತ್ತದೆ, ಆದರೆ ಕಪ್ಪು ಬಟ್ಟೆಯ ಮೇಲಿಟ್ಟರೆ ಮುಖ ಇದ್ದ ಹಾಗೆ ಕಾಣುತ್ತದೆ. ಅವಳಿಗೆ ಹೊದಿಸಿದ್ದ ಬಟ್ಟೆಯ ಮೇಲೇ ಇಟ್ಟೆವು. ಡೆಲಿಯಾ ಇದ್ದಳು. ಅಂಚಿನಲ್ಲಿ ಸ್ವಲ್ಪ ಮಸುಕು, ಆದರೆ ನಗು, ಹಲ್ಲಿನ ಸಂದು, ಮುಚ್ಚಿದ ಕಣ್ಣು ಎಲ್ಲ ಇತ್ತು. ಅವಳು ನೋಡಿ, "ಅಯ್ಯೋ, ಕುದುರೆ ಥರ ಇದ್ದೀನಿ! ಅಳಿಸ್ಬೇಡ ಕಣೇ, ಶನಿವಾರ ಅಮೋಸ್‌ನ ಕರ್ಕೊಂಡು ಬರ್ತೀನಿ, ಅವರೂ ನೋಡ್ಲಿ" ಎಂದಳು. ನಾನು ಅದನ್ನು ತಿಕ್ಕುವ ತೊಟ್ಟಿಯ ಮೇಲಿನ ಹಲಗೆಯಲ್ಲಿಟ್ಟೆ. ಒಂದೆರಡು ಶನಿವಾರ ಏನೇನೋ ಕೆಲಸವೆಂದು ಮುಂದೆ ಹೋಯಿತು. ಆಮೇಲಿನ ಶುಕ್ರವಾರ ಪಕ್ಕದ ಊರಿನ ವಾದ್ಯಗೋಷ್ಠಿಯವರು ಹನ್ನೊಂದು ಜನ, ಚಿನ್ನದ ಗುಂಡಿಯ ಅಂಗಿ ತೊಟ್ಟು ಬಂದರು. ಗಾಜು ಸಾಲಲಿಲ್ಲ. ನಿನ್ನ ಚಿಕ್ಕಪ್ಪ ಒಳಗಿನಿಂದ, "ಗಾಜು! ಬೇಗ ಗಾಜು ಕೊಡೇ!" ಎಂದು ಕೂಗಿದರು. ನನಗಾಗ ಇಪ್ಪತ್ತಾರು. ಮೀಸೆಯ ತುತ್ತೂರಿಯವನೊಬ್ಬ ನನ್ನನ್ನು ನೋಡಿ ಏನೋ ತಮಾಷೆ ಮಾಡುತ್ತಿದ್ದ. ನಾನು ಅವನ ಕಡೆ ನೋಡಿ ನಗುತ್ತಾ ಕೈ ಚಾಚಿದೆ, ಕೈಗೆ ಸಿಕ್ಕ ಗಾಜನ್ನು ತೆಗೆದೆ, ಅವನಿಗೆ ಕಾಣಲೆಂದು ಚುರುಕಾಗಿ ತಿಕ್ಕಿದೆ. ಕೊಟ್ಟ ಮೇಲೆ ಹಲಗೆ ನೋಡಿದೆ. ಖಾಲಿ ಇತ್ತು.

ಮರುದಿನ ಹೇಳಿ ಕ್ಷಮೆ ಕೇಳೋಣ, ಇನ್ನೊಂದು ತೆಗೆಯೋಣ ಅಂದುಕೊಂಡೆ. ಆ ಶನಿವಾರ ಅವಳಿಗೆ ಜ್ವರ.

ಮಣ್ಣು ಮಾಡಿ ಎರಡು ದಿನಕ್ಕೆ ನಿಮ್ಮಪ್ಪ ಬಂದರು. "ಲೊವೀನಾ, ಅವಳು ಜ್ವರದಲ್ಲೂ ಹೇಳ್ತಿದ್ಲು. ನಾನು ನಗ್ತಿರೋ ಗಾಜು ಅಲ್ಲಿದೆ, ಎಫೀಗೆ ತೋರಿಸಿ ಅಂತ. ಕೊಡಮ್ಮ" ಎಂದರು. ನನ್ನ ಬಾಯಿಂದ ಬಂದದ್ದು ಇದು: "ಅದು ಇಲ್ಲ ಅಮೋಸ್. ಎಜ್ರಾ ಕೈಜಾರಿ ಒಡೆದುಬಿಟ್ರು." ನಿನ್ನ ಚಿಕ್ಕಪ್ಪ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಒಂದು ಗಳಿಗೆ ನೋಡಿದರು. "ಹೌದಪ್ಪ, ನನ್ನ ಕೈ ಜಾರ್ತು" ಎಂದರು. ನಿಮ್ಮಪ್ಪ ಮತ್ತೆಂದೂ ಅವರ ಕೈ ಕುಲುಕಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ನಿನ್ನ ಚಿಕ್ಕಪ್ಪ ನನ್ನನ್ನು ಒಂದು ಮಾತು ಕೇಳಿಲ್ಲ, ನಾನೂ ಹೇಳಿಲ್ಲ.

ಒಂದು ಸಲ ನಿನ್ನಮ್ಮನನ್ನು ನಾನು ಅಳಿಸಿದ್ದೇನೆ ಎಫೀ. ಉಳಿದಿರುವುದು ಆ ಕೈಯೊಂದೇ. ಅದನ್ನು ಒಲೆಗೆ ಹಾಕಬೇಡ.

ವಾದ್ಯಗೋಷ್ಠಿಯವರ ಆ ಪಟ ಅವರ ಊರಿನ ಸಭಾಂಗಣದಲ್ಲಿ ಇವತ್ತಿಗೂ ತೂಗುಹಾಕಿದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಏನಾದರೊಂದು ನೆಪ ಮಾಡಿ ಹೋಗುತ್ತೇನೆ, ಚೀಲದಲ್ಲಿ ಭೂತಗನ್ನಡಿ ಇಟ್ಟುಕೊಂಡು. ತುತ್ತೂರಿಗಳ ನಡುವೆ, ಟೋಪಿಗಳ ಮೇಲೆ, ಪರದೆಯ ಮಡಿಕೆಯಲ್ಲಿ, ಎಲ್ಲ ಹುಡುಕುತ್ತೇನೆ. ಹನ್ನೊಂದು ಜನ ಇದ್ದಾರೆ, ಒಬ್ಬೊಬ್ಬರ ಗುಂಡಿಯೂ ಸ್ಪಷ್ಟವಾಗಿದೆ. ಅವರ ಹಿಂದೆ ಯಾರೂ ಇಲ್ಲ. ಜೀವಮಾನದಲ್ಲಿ ನಾನು ಚೆನ್ನಾಗಿ ತಿಕ್ಕಿದ ಗಾಜು ಅದೊಂದೇ.